ನನ್ನ ಬರಹದ ಚಕ್ಕುಬಂದಿ

ನಾನು ಬರೆದದ್ದನ್ನೆಲ್ಲ ಮೊದಲು ಓದುವ ಗೆಳತಿಯೊಬ್ಬಳಿದ್ದಾಳೆ. ಅವಳದ್ದು ಯಾವಾಗಲೂ ಒಂದೇ ದೂರು: 'ನಿನ್ನ ಬರಹದಲ್ಲಿ ಚಕ್ಕುಬಂದಿ ಜಾಸ್ತಿ ಕಣೇ.'

ಸರಿಯಾಗೇ ಹೇಳಿದಳು. ಚಕ್ಕುಬಂದಿ ಅಂದರೆ ಆಸ್ತಿ ಪತ್ರದಲ್ಲಿ ಬರೆಯುವ, ಜಮೀನಿನ ನಾಲ್ಕೂ ದಿಕ್ಕಿಗೆ ಏನಿದೆ ಅನ್ನೋ ಎಲ್ಲೆಯ ವಿವರ. ನಮ್ಮಪ್ಪ ಚಿಂತಾಮಣಿಯಲ್ಲಿ ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಒಂದು ಮೇಜು, ಒಂದು ಬೆಂಚು, ಅಷ್ಟೇ ಅವರ ಆಫೀಸು. ಶಾಲೆ ಬಿಟ್ಟಮೇಲೆ ನಾನು ಆ ಬೆಂಚಿನ ತುದಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಬಂದವರು ತೆಲುಗಿನಲ್ಲಿ, ಅಣ್ಣತಮ್ಮಂದಿರ ಜಗಳ, ಬತ್ತಿದ ಬೋರ್‌ವೆಲ್ಲು, ಮಗಳ ಮದುವೆ ಸಾಲ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದರು. ಅಪ್ಪ ಕೇಳಿಸಿಕೊಂಡು ಕನ್ನಡದಲ್ಲಿ ಬರೆಯುತ್ತಿದ್ದರು: ಇಂಥವರ ಮಗ, ವಯಸ್ಸು ಇಷ್ಟು, ಇಂಥ ಹೋಬಳಿ, ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ, ಅಂತ ಶುರುವಾದ ವಾಕ್ಯ ಪುಟ ತಿರುಗಿದರೂ ಮುಗಿಯುತ್ತಿರಲಿಲ್ಲ. ಜಗಳವೂ ಸಾಲವೂ ಅದರಲ್ಲಿ ಬರುತ್ತಿರಲಿಲ್ಲ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇವರ ತಮ್ಮನ ಜಮೀನು. ಇಷ್ಟು ಸಾಕು, ಮನೆ ಕಥೆ ಗೊತ್ತಿದ್ದವರಿಗೆ ಆ 'ತಮ್ಮನ ಜಮೀನು' ಅನ್ನೋದರಲ್ಲೇ ಎಲ್ಲ ಇದೆ.

ಸುಮ್ನೆ ಉದ್ದ ಮಾಡುತ್ತಿದ್ದದ್ದಲ್ಲ. ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಇರಲೇಬೇಕು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಚಿತ್ತು ಹೊಡೆದರೆ, ಸಾಲಿನ ನಡುವೆ ಏನಾದರೂ ಸೇರಿಸಿದರೆ, ಅದಕ್ಕೂ ಬರೆಸಿಕೊಟ್ಟವರ ಸಹಿ ಬೇಕು.

ಹೋದ ವರ್ಷ ಅಜ್ಜಿ ತೀರಿಕೊಂಡಾಗ ಬರೆದೆ: 'ಅಜ್ಜಿಯ ಮಂಚದ ಪೂರ್ವಕ್ಕೆ ಬೀರು, ಪಶ್ಚಿಮಕ್ಕೆ ಕಿಟಕಿ, ಕಿಟಕಿಯಾಚೆ ಚಿಕ್ಕಪ್ಪನ ಪಾಲಿಗೆ ಹೋದ ಸೀಬೆ ಮರ.' ಗೆಳತಿ ಕೇಳಿದಳು, ದುಃಖ ಎಲ್ಲೇ? ಆ ಸೀಬೆ ಮರದಲ್ಲೇ ಇದೆಯಲ್ಲ! ಅಜ್ಜಿ ನೆಟ್ಟ ಮರ, ಪಾಲಾದಮೇಲೆ ಅದರ ಹಣ್ಣನ್ನು ಅವಳು ಕೇಳಿ ತಿನ್ನಬೇಕಾಯಿತು. 'ಮನದಾಳದ ನೋವು' ಅಂತೆಲ್ಲ ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ, ಆಗಬೇಕು ಅಂತಲೂ ಅನ್ನಿಸಲ್ಲ.

ಮನೆಯಲ್ಲಿ ಒಂದು ಮಾತು, ಕಾಗದದ ಮೇಲೆ ಇನ್ನೊಂದು, ಇದು ನಮ್ಮ ಕಡೆ ಹೊಸದೇನಲ್ಲ. ಮಾಲೂರು ಕಡೆಯ ಮಾಸ್ತಿಯವರ ಮನೆಮಾತು ತಮಿಳು. ಸರ್ಕಾರಿ ಅಧಿಕಾರಿ ಬೇರೆ, ಫೈಲುಗಳ ಕನ್ನಡ-ಇಂಗ್ಲಿಷಿನಲ್ಲೇ ದಿನ ಕಳೆದವರು. ಆದರೂ ಕಥೆಗಳಲ್ಲಿ ಕಚೇರಿಯ ವಾಸನೆ ಇಲ್ಲ, ಜಗಲಿ ಮೇಲೆ ಕೂತು ಹೇಳಿದ ಹಾಗಿವೆ. ಅದು ನನಗೆ ಹೊಟ್ಟೆಕಿಚ್ಚು. ನಾನು 'ಸದರಿ', 'ಮೇಲ್ಕಂಡ' ಬಿಟ್ಟಿದ್ದೇನೆ, ಸರಿ, ಆದರೆ ವಾಕ್ಯಕ್ಕೆ ಬೇಗ ಚುಕ್ಕಿ ಇಟ್ಟರೆ ಯಾರೋ ತಕರಾರು ತೆಗೆಯುತ್ತಾರೆ ಅನ್ನೋ ಭಯ ಇನ್ನೂ ಹೋಗಿಲ್ಲ.

ಅಪ್ಪ ನನ್ನ ಬರಹ ಫೋನಿನಲ್ಲಿ ಓದುತ್ತಾರೆ. ಸೀಬೆ ಮರದ್ದು ಓದಿ ಒಂದೇ ಕೇಳಿದರು: 'ಉತ್ತರ, ದಕ್ಷಿಣ ಯಾಕಮ್ಮ ಬಿಟ್ಟೆ?'