ಟ್ರೈಲರ್ ತಳ್ಳಿದ ದಿನ, ಆಮೇಲೆ ನಾನು ಬದಲಾಯಿಸಿದ ಬ್ರೇಕು

ಅಮೆರಿಕದ ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದವರಿಗೆ ಆ ಜಾಗ ಗೊತ್ತಿರುತ್ತದೆ. ಐಸೆನ್‌ಹೋವರ್ ಸುರಂಗದಿಂದ ಹೊರಗೆ ಬಂದ ಕೂಡಲೇ ಇಳಿಜಾರು ಶುರು. ಸುರಂಗ ಇರುವುದು 11,000 ಅಡಿಗೂ ಎತ್ತರದಲ್ಲಿ. ಅಲ್ಲಿಂದ ಸಿಲ್ವರ್‌ಥಾರ್ನ್‌ಗೆ ಸುಮಾರು ಎಂಟು ಮೈಲಿ. ಅಷ್ಟರಲ್ಲಿ 2,000 ಅಡಿಗೂ ಜಾಸ್ತಿ ಇಳಿಯಬೇಕು. ಬ್ರೇಕ್ ಹೋದ ಲಾರಿಗಳು ನುಗ್ಗಲಿ ಅಂತ ಪಕ್ಕದಲ್ಲೇ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ, ಎರಡು ಕಡೆ.

ಎರಡು ವರ್ಷದ ಹಿಂದೆ, ಜುಲೈನಲ್ಲಿ, ಆ ಜಲ್ಲಿದಾರಿಯನ್ನು ನಾನು ನಿಜವಾಗಿಯೂ ಕಣ್ಣಲ್ಲಿ ಅಳೆದೆ.

ನಮ್ಮದು 2013ರ ಫೋರ್ಡ್ ಎಫ್-150 ಪಿಕಪ್ ಟ್ರಕ್ಕು, ಸೆಕೆಂಡ್ ಹ್ಯಾಂಡ್. ಹಿಂದೆ 22 ಅಡಿಯ ಕ್ಯಾಂಪರ್ (ಒಳಗೆ ಮಲಗಿ ಉಳಿಯಬಹುದಾದ ಟ್ರೈಲರ್), ಅದೂ ಸೆಕೆಂಡ್ ಹ್ಯಾಂಡ್. ಅದನ್ನು ಕಟ್ಟಿಕೊಂಡು ಹೋಗುತ್ತಿದ್ದದ್ದು ಅದೇ ಮೂರನೇ ಸಲ. ಹಿಂದಿನ ಸೀಟಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಗೇರನ್ನು ಡಿ ಯಲ್ಲೇ ಬಿಟ್ಟಿದ್ದೆ. ವೇಗ ಏರಿದಾಗೆಲ್ಲ ಬ್ರೇಕ್ ಮೇಲೆ ಕಾಲಿಟ್ಟೆ, ಸ್ವಲ್ಪ ಬಿಟ್ಟೆ, ಮತ್ತೆ ಇಟ್ಟೆ. ಮೂರು ಮೈಲಿ ಆದಮೇಲೆ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದ್ದು ಅಂದುಕೊಂಡೆ. ಇನ್ನೊಂದು ಮೈಲಿಗೆ ಪೆಡಲ್ ಮೆತ್ತಗಾಯಿತು. ಒತ್ತಿದರೆ ಒಳಗೆ ಹೋಗುತ್ತಿದೆ, ಗಾಡಿ ಹಿಡಿಯುತ್ತಿಲ್ಲ. ಹಿಂದಿನಿಂದ ಟ್ರೈಲರ್ ತಳ್ಳುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಗೇರ್ ಲಿವರ್ ಮೇಲಿನ ಮೈನಸ್ ಬಟನ್ ಒತ್ತುತ್ತಾ ಹೋದೆ. ಮೂರು, ಆಮೇಲೆ ಎರಡು. ಎಂಜಿನ್ ಕಿರುಚಿತು. ವೇಗ ನಿಧಾನಕ್ಕೆ ಇಳಿಯಿತು. ಸಿಲ್ವರ್‌ಥಾರ್ನ್‌ನಲ್ಲಿ ಪಾರ್ಕಿಂಗ್ ಜಾಗ ಸಿಕ್ಕಿ ನಿಲ್ಲಿಸಿದಾಗ ಮುಂದಿನ ಎರಡೂ ಚಕ್ರದಿಂದ ಹೊಗೆ ಬರುತ್ತಿತ್ತು. ನನ್ನ ಕೈ ಸ್ಟೀರಿಂಗ್ ಬಿಡಲು ಒಪ್ಪಲಿಲ್ಲ. ಒಂದು ಗಂಟೆ ಹಾಗೇ ಕೂತೆವು.

ರಾತ್ರಿ ಸಕಲೇಶಪುರಕ್ಕೆ ಫೋನ್ ಮಾಡಿದೆ. ಅಪ್ಪ ಮೂವತ್ತು ವರ್ಷ ತೋಟದ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿ ಗೊಬ್ಬರ, ಕಾಫಿ ಮೂಟೆ ಸಾಗಿಸಿದವರು. ಆ ಟ್ರೈಲರಿಗೆ ಬ್ರೇಕೇ ಇರಲಿಲ್ಲ. ಇಳಿಜಾರು ಬರುವ ಮೊದಲೇ ಒಂದನೇ ಗೇರ್ ಹಾಕಿಬಿಡುತ್ತಿದ್ದರು, ಆಮೇಲೆ ಕ್ಲಚ್ ಮುಟ್ಟುತ್ತಿರಲಿಲ್ಲ. ನನ್ನ ಕಥೆಯೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಪುಟ್ಟಿ, ನಿನ್ನ ಟ್ರೈಲರಿಗೆ ಬ್ರೇಕ್ ಇದೆಯಲ್ವಾ? ಅದು ಹಿಡೀತಿತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಟ್ರಕ್ಕಿಗೆ ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಯಾವುದು ಹಾಕಿಸಬೇಕು ಅಂತ ಆಗಲೇ ಹುಡುಕಲು ಶುರು ಮಾಡಿದ್ದೆ. ಅದನ್ನು ನಿಲ್ಲಿಸಿದೆ.

ಮೊದಲು ತೂಕ ಹಾಕಿಸಿದೆ. ಟ್ರಕ್ ಸ್ಟಾಪ್‌ನ ವೇಬ್ರಿಜ್ ಮೇಲೆ ಟ್ರಕ್ಕು, ಟ್ರೈಲರು, ನಾವು ಮೂವರು, ನೀರು, ಸಾಮಾನು ಎಲ್ಲ ಸೇರಿ 11,000 ಪೌಂಡ್ ಬಂತು. ಹತ್ತಿರ ಹತ್ತಿರ 5 ಟನ್. ಇಷ್ಟು ತೂಕ 2,000 ಅಡಿ ಇಳಿದರೆ ಎಷ್ಟು ಶಾಖ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ಸುಮಾರು 90 ಲೀಟರ್ ತಣ್ಣೀರನ್ನು ಕುದಿಸುವಷ್ಟು! ನಮ್ಮೂರ ಬಚ್ಚಲಿನ ದೊಡ್ಡ ಹಂಡೆ ಕಾಯಿಸಲು ಒಲೆಗೆ ಎಷ್ಟು ಸೌದೆ ತುಂಬುತ್ತಿದ್ದೆವು ಅಂತ ನೆನಪಾಯಿತು. ಗಾಳಿ ಒಂದಿಷ್ಟನ್ನು ತಡೆಯುತ್ತದೆ. ಉಳಿದದ್ದು ಎಂಜಿನ್‌ಗೆ ಹೋಗಬೇಕು, ಇಲ್ಲ ಬ್ರೇಕಿಗೆ. ನಾನು ಅಷ್ಟನ್ನೂ ಬ್ರೇಕಿಗೇ ಕೊಟ್ಟಿದ್ದೆ.

ಆಮೇಲೆ ಟ್ರೈಲರ್ ಜಾಕ್ ಮೇಲೆ ಎತ್ತಿ ಡ್ರಮ್ ಬಿಚ್ಚಿದೆ. ಇವು ಕರೆಂಟಿನ ಬ್ರೇಕ್. ನಾವು ಪೆಡಲ್ ಒತ್ತಿದಾಗ ಡ್ಯಾಶ್‌ಬೋರ್ಡ್ ಕೆಳಗಿನ ಕಂಟ್ರೋಲರ್ ಟ್ರೈಲರಿಗೆ ಕರೆಂಟ್ ಕಳಿಸುತ್ತದೆ. ಡ್ರಮ್ಮಿನ ಒಳಗಿನ ಆಯಸ್ಕಾಂತ ಡ್ರಮ್ಮಿಗೆ ಅಂಟಿಕೊಂಡು, ಅದಕ್ಕೆ ಉಜ್ಜಿ ನಿಲ್ಲಿಸುವ ಲೈನರನ್ನು ಅಗಲಿಸುತ್ತದೆ. ನಾಲ್ಕು ಚಕ್ರದಲ್ಲಿ ಒಂದರ ಸೀಲ್ ಸೋರಿ ಲೈನರ್ ಪೂರ್ತಿ ಗ್ರೀಸಿನಲ್ಲಿ ನೆಂದಿತ್ತು. ಉಳಿದ ಮೂರರಲ್ಲಿ ಲೈನರಿಗೂ ಡ್ರಮ್ಮಿಗೂ ನಡುವೆ ತುಂಬಾ ಸಂದು. ಯಾರೂ ಎಂದೂ ಅಡ್ಜಸ್ಟ್ ಮಾಡಿದ ಹಾಗೆ ಕಾಣಲಿಲ್ಲ. ಇನ್ನು ಕಂಟ್ರೋಲರಿನ ಶಕ್ತಿಯನ್ನು ಮೊದಲಿನ ಮಾಲೀಕರು ತೀರಾ ಕಡಿಮೆಗೆ ಇಟ್ಟಿದ್ದರು, ನಾನು ಅದನ್ನು ಮುಟ್ಟೇ ಇರಲಿಲ್ಲ. ಅಂದರೆ 5 ಟನ್ನನ್ನು ಟ್ರಕ್ಕಿನ ನಾಲ್ಕು ಡಿಸ್ಕ್ ಮಾತ್ರ ಹಿಡಿದುಕೊಂಡು ಬಂದಿದ್ದವು. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಗ್ರೀಸ್ ಕುಡಿದ ಲೈನರನ್ನು ತೊಳೆದು ಹಾಕಬೇಡಿ. ಬಿಸಿಯಾದಾಗ ಮತ್ತೆ ಒಸರುತ್ತದೆ. ಲೈನರ್, ಆಯಸ್ಕಾಂತ, ಸ್ಪ್ರಿಂಗ್ ಎಲ್ಲ ಜೋಡಿಸಿದ ಪೂರ್ತಿ ಪ್ಲೇಟೇ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕು ನಟ್, ಎರಡು ವೈರ್, ಅಷ್ಟೇ ಕೆಲಸ. ಎಡ ಬಲ ಬೇರೆ ಬೇರೆ ಇರುತ್ತದೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ನಾನು ನಾಲ್ಕೂ ಬದಲಾಯಿಸಿದೆ, ಸೀಲ್ ಸಮೇತ. ಆಮೇಲೆ ಹಿಂಭಾಗದ ತೂತಿನಲ್ಲಿ ಹಲ್ಲಿನ ಚಕ್ರ ತಿರುಗಿಸಿ, ಡ್ರಮ್ ಬಿಗಿಯಾಗಿ ಉಜ್ಜುವ ತನಕ ತಂದು, ಅಲ್ಲಿಂದ ಹತ್ತು ಕ್ಲಿಕ್ ಹಿಂದಕ್ಕೆ ಬಿಟ್ಟೆ.

ಕಂಟ್ರೋಲರ್ ಹೊಂದಿಸಿದ್ದು ಖಾಲಿ ಪಾರ್ಕಿಂಗ್ ಮೈದಾನದಲ್ಲಿ. ಗಂಟೆಗೆ 25 ಮೈಲಿ ವೇಗದಲ್ಲಿ ಪೆಡಲ್ ಮುಟ್ಟದೆ ಕಂಟ್ರೋಲರಿನ ಕೈ ಲಿವರ್ ಮಾತ್ರ ಒತ್ತಬೇಕು. ಟ್ರೈಲರ್ ಹಿಂದಿನಿಂದ ಚೆನ್ನಾಗಿ ಎಳೆಯಬೇಕು, ಆದರೆ ಚಕ್ರ ಜಾಮ್ ಆಗಬಾರದು. ಜಾಮ್ ಆಗುವ ತನಕ ಏರಿಸಿ, ಅಲ್ಲಿಂದ ಒಂದು ಚೂರು ಇಳಿಸಿದೆ. ಟ್ರೈಲರ್ ತಾನೇ ನಿಲ್ಲುತ್ತದೆ ಅನ್ನುವುದು ನನ್ನ ಅನುಭವಕ್ಕೆ ಬಂದದ್ದು ಅವತ್ತೇ ಮೊದಲು. ಗಂಟಲು ಕಟ್ಟಿತು.

ಟ್ರಕ್ಕಿನ ಸರದಿ ಆಮೇಲೆ. ಪೆಡಲ್ ಏಕೆ ಮೆತ್ತಗಾಯಿತು ಅನ್ನುವುದು ಬ್ರೇಕ್ ಆಯಿಲ್ ನೋಡಿದಾಗಲೇ ಗೊತ್ತಾಯಿತು. ಡಿಕಾಕ್ಷನ್ ಬಣ್ಣ. ಈ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಒಳಗೆ ಆಯಿಲ್ ಕುದಿದರೆ ಗುಳ್ಳೆ ಆಗುತ್ತದೆ, ನಾವು ಒತ್ತುವುದು ಆ ಗುಳ್ಳೆಯನ್ನು, ಪ್ಯಾಡನ್ನಲ್ಲ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಅದು ಬೇರೆ, ಅಲ್ಲಿ ಸೋತಿರುವುದು ಪ್ಯಾಡ್. ಹೊಸ ಡಾಟ್ 4 ಹಾಕಿ ನಾಲ್ಕೂ ಚಕ್ರದಲ್ಲಿ ಏರ್ ತೆಗೆದೆವು. ಪೆಡಲ್ ಒತ್ತಿದ್ದು ನನ್ನ ಗಂಡ, ಗಾಳಿ ಬಿಡುವ ನಿಪ್ಪಲ್ ಬಿಚ್ಚಿದ್ದು ನಾನು. ಇಡೀ ಕೆಲಸದಲ್ಲಿ ಇದೇ ಅತಿ ಅಗ್ಗದ್ದು, ನನ್ನ ಪ್ರಕಾರ ಟ್ರಕ್ಕಿನ ಕಡೆ ಇದೇ ಅತಿ ಮುಖ್ಯದ್ದು. ಒಂದು ಎಚ್ಚರ: ಡಾಟ್ 5 ಸಿಲಿಕೋನಿನದು, ಇದರ ಜೊತೆ ಸೇರಿಸಬಾರದು.

ಬಲಗಡೆ ಮುಂದಿನ ಕ್ಯಾಲಿಪರಿನ ಪಿನ್ ಹಿಡಿದುಕೊಂಡಿತ್ತು. ಒಳಗಿನ ಪ್ಯಾಡ್ ಸವೆದು ಬಿಸ್ಕತ್ತಿನಷ್ಟಾಗಿತ್ತು, ಹೊರಗಿನದು ದಪ್ಪಗೇ ಉಳಿದಿತ್ತು. ಪಿನ್ ಬದಲಾಯಿಸಿ ಸಿಲಿಕೋನ್ ಗ್ರೀಸ್ ಹಾಕಿದೆ. ಹೊಸ ಪ್ಯಾಡ್ ಆರಿಸುವಾಗ ಅಂಚಿನಲ್ಲಿ ಅಚ್ಚಾಗಿರುವ ಎರಡು ಅಕ್ಷರ ನೋಡಿ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಟ್ರೈಲರ್ ಎಳೆಯುವವರಿಗೆ ಎರಡನೇ ಅಕ್ಷರ ಮುಖ್ಯ. ನಾನು ಎಫ್‌ಎಫ್ ತೆಗೆದುಕೊಂಡೆ.

ಡಿಸ್ಕ್ ಹೊಸದೇ ಹಾಕಿದೆ, ಆದರೆ ಕಂಪನಿಯ ಅಳತೆಯದೇ, ತೂತಿಲ್ಲದ್ದು. ತೂತು ಕೊರೆದ ಡಿಸ್ಕ್ ನೋಡಲು ಚೆಂದ. ಇಂಥ ಬಿಸಿಗೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಕಬ್ಬಿಣ ಜಾಸ್ತಿ ಇದ್ದಷ್ಟೂ ಶಾಖ ಹಿಡಿಯಲು ಒಳ್ಳೆಯದು, ಅದನ್ನು ಕೊರೆದು ತೆಗೆಯುವುದು ಯಾಕೆ? ದೊಡ್ಡ ಡಿಸ್ಕ್, ಕ್ಯಾಲಿಪರಿನ ಕಿಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಟ್ಟಿ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ದಡದಡ ಅಂತಿದ್ದರೆ ಬ್ರೇಕಿನ ಬಲ ಸಾಕಷ್ಟಿದೆ, ಮಿತಿ ಇರುವುದು ಟೈರಿನಲ್ಲಿ. ದೊಡ್ಡ ಡಿಸ್ಕಿನಿಂದ ಆ ಒಂದು ನಿಲುಗಡೆ ಗಿಡ್ಡ ಆಗುವುದಿಲ್ಲ. ಹತ್ತನೇ ಸಲ ಒತ್ತಿದಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹತ್ತನೇ ಸಲ ಒತ್ತುವ ಹಾಗೆ ಆಗದಿರಲು ಗೇರ್ ಇದೆ, ಟ್ರೈಲರಿನ ಬ್ರೇಕ್ ಇದೆ.

ಹೊಸ ಪ್ಯಾಡನ್ನು ಪಳಗಿಸಬೇಕು. ಭಾನುವಾರ ಬೆಳಗ್ಗೆ ಐದೂವರೆಗೆ ಖಾಲಿ ರಸ್ತೆಯಲ್ಲಿ 30 ಮೈಲಿ ವೇಗದಿಂದ ಹದವಾಗಿ ಬ್ರೇಕ್ ಹಾಕುವುದು, 30 ಸೆಕೆಂಡ್ ತಣಿಯಲು ಬಿಡುವುದು, ಹೀಗೆ 30 ಸಲ. ಬೇಜಾರಿನ ಕೆಲಸ, ಆದರೂ ಬಿಡಬೇಡಿ. ಚಕ್ರದ ನಟ್ ನಮ್ಮ ಗಾಡಿಗೆ 150 ಫೂಟ್-ಪೌಂಡ್. ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿ ಮಾಡಿದೆ.

ಈ ಜುಲೈನಲ್ಲಿ ಮತ್ತೆ ಅದೇ ದಾರಿ, ಅದೇ ತೂಕ. ಸುರಂಗದ ಒಳಗೇ ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಬಟನ್ ಒತ್ತಿ, ಮೂರನೇ ಗೇರಿಗೆ ಇಳಿಸಿ, 45ರಲ್ಲಿ ಹೊರಗೆ ಬಂದೆ. 50 ದಾಟಿದಾಗ ಒಂದು ಸಲ ಗಟ್ಟಿಯಾಗಿ ಒತ್ತಿ 40ಕ್ಕೆ ತರುವುದು, ಪೂರ್ತಿ ಬಿಡುವುದು. ಎಂಟು ಮೈಲಿಯಲ್ಲಿ ಆರು ಸಲ ಒತ್ತಿದೆ. ಪೆಡಲ್ ಕೊನೆಯ ತನಕ ಗಟ್ಟಿ.

ಸಿಲ್ವರ್‌ಥಾರ್ನ್‌ನ ಅದೇ ಪಾರ್ಕಿಂಗಿನಲ್ಲಿ ನಿಲ್ಲಿಸಿ ಪಿಸ್ತೂಲಿನ ಆಕಾರದ ಥರ್ಮಾಮೀಟರ್ ಹಿಡಿದು ಒಂದೊಂದೇ ಚಕ್ರ ನೋಡಿದೆ. ಮುಂದಿನ ಎಡ ಡಿಸ್ಕ್ 158 ಡಿಗ್ರಿ, ಬಲ 161. ಮಗಳು ಅಂಕಿಗಳನ್ನು ಹಳದಿ ಕಾಗದದಲ್ಲಿ ಬರೆದುಕೊಂಡಳು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಲ್ಲಿ ಮಧ್ಯರಾತ್ರಿ ಆಗುತ್ತಾ ಬಂದಿದ್ದರೂ ಐದು ನಿಮಿಷದಲ್ಲಿ ಫೋನ್ ಬಂತು.

"ಇದು ಟ್ರಕ್ಕಿಂದು. ಟ್ರೈಲರಿಂದು ಎಷ್ಟು?"

ನಾಲ್ಕೂ ಡ್ರಮ್ಮಿನದು ಓದಿ ಹೇಳಿದೆ. 112, 115, 109, 114.

"ಹ್ಞಾಂ, ಹಿಡೀತಾ ಇದೆ," ಅಂದರು.