ಗಲ್ಫ್‌ನಿಂದ ಊರಿಗೆ ಕಳಿಸುವ ಹಣಕ್ಕೆ ಟ್ಯಾಕ್ಸ್ ಉಂಟಾ?

ಉಡುಪಿಯಲ್ಲಿ ತೆರಿಗೆ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಆಫೀಸಿನಲ್ಲಿ ಮಾತ್ರ ಅಲ್ಲ, ಮದುವೆ ಊಟದ ಸಾಲಿನಲ್ಲೂ ಈ ಪ್ರಶ್ನೆ ಬರುತ್ತದೆ. "ಅಕ್ಕ, ನಾನು ದುಬೈಯಲ್ಲಿರುವುದು. ಅಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ. ಮನೆಗೆ ತಿಂಗಳು ತಿಂಗಳು ಹಣ ಕಳಿಸ್ತೇನೆ. ಅದಕ್ಕೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕಾ?"

ನೀವು ಅನಿವಾಸಿಯಾಗಿದ್ದರೆ ಬೇಡ. ಅಲ್ಲಿ ದುಡಿದು ಅಲ್ಲೇ ಕೈಗೆ ಬಂದ ಸಂಬಳವನ್ನು ಊರಿಗೆ ಕಳಿಸಿದ ಮಾತ್ರಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಪ್ಪ, ಅಮ್ಮ, ಹೆಂಡತಿ, ಒಡಹುಟ್ಟಿದವರು, ಇವರಲ್ಲಿ ಯಾರಿಗೆ ಕಳಿಸಿದರೂ ಅವರೂ ಕಟ್ಟಬೇಕಿಲ್ಲ. ಆದರೆ ಈ ಉತ್ತರ ಕೇಳಿದ ಕೂಡಲೇ ಜನ ನಿರಾಳವಾಗಿ ಎದ್ದು ಹೋಗುತ್ತಾರೆ. ನನಗೆ ಚಿಂತೆ ಅಲ್ಲೇ. ನಮ್ಮವರಿಗೆ ಪೆಟ್ಟು ಬೀಳುವುದು ಕಳಿಸಿದ ಹಣದಿಂದ ಅಲ್ಲ, ಆ ಹಣ ಊರಿಗೆ ಬಂದ ಮೇಲೆ ಏನಾಗುತ್ತದೆ ಎನ್ನುವುದರಿಂದ.

ಮೊದಲು ಅನಿವಾಸಿ ಯಾರು ಅಂತ ನೋಡೋಣ. ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ ಇದನ್ನು ತೀರ್ಮಾನಿಸುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿ ಇದ್ದಿರಿ ಎನ್ನುವುದೇ ಮುಖ್ಯ. 182 ದಿನ ಅಥವಾ ಜಾಸ್ತಿ ಇದ್ದರೆ ನೀವು ನಿವಾಸಿ. ವರ್ಷ ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31. ಫೆಬ್ರವರಿ 10ಕ್ಕೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ಏಪ್ರಿಲ್ 20ಕ್ಕೆ ಮರಳಿ ಹೋದರೆ 50 ದಿನ ಹಳೆ ವರ್ಷಕ್ಕೆ, 20 ದಿನ ಹೊಸ ವರ್ಷಕ್ಕೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ 182ರ ಲೆಕ್ಕ ಹಾಗೆಯೇ ಉಳಿದಿದೆ.

ಭಾರತದಲ್ಲಿ ಹುಟ್ಟುವ ಆದಾಯ 15 ಲಕ್ಷ ದಾಟುವವರಿಗೆ ನಿಯಮ ಬಿಗಿ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರಾದರೆ, ಅವರು ನಿವಾಸಿಯಾಗಲು 182ರ ಬದಲು 120 ದಿನ ಸಾಕು. ಅಂಥ ಆದಾಯವಿದ್ದು ಬೇರೆ ಯಾವ ದೇಶದಲ್ಲೂ ತೆರಿಗೆ ಬೀಳದ ಭಾರತೀಯರನ್ನು ನಿವಾಸಿ ಎಂದೇ ಪರಿಗಣಿಸುವ ನಿಯಮವೂ ಉಂಟು. 2020ರ ಬಜೆಟ್‌ನಲ್ಲಿ ಇದು ಬಂದಾಗ ಗಲ್ಫ್‌ನಲ್ಲಿರುವವರು ಬಹಳ ಹೆದರಿದ್ದರು. ಮರುದಿನವೇ ಸರಕಾರ ಸ್ಪಷ್ಟನೆ ಕೊಟ್ಟಿತು. ಅಲ್ಲಿ ಕೆಲಸ ಮಾಡಿ ಗಳಿಸಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಆ ಹೆದರಿಕೆ ಇವತ್ತಿಗೂ ಕೆಲವರಲ್ಲಿ ಉಳಿದಿದೆ. ಬೇಡ.

ಹಡಗಿನವರಿಗೆ ಒಂದು ಮಾತು. ವಿದೇಶಿ ಯಾನಕ್ಕೆ ಸಿಡಿಸಿಯಲ್ಲಿ, ಅಂದರೆ ನಾವಿಕರ ಸೇವಾ ದಾಖಲೆ ಪುಸ್ತಕದಲ್ಲಿ, ಬರೆದ ಸೈನ್ ಆನ್ (ಹಡಗಿನ ಕೆಲಸಕ್ಕೆ ಸೇರಿದ), ಸೈನ್ ಆಫ್ (ಬಿಟ್ಟ) ತಾರೀಕುಗಳನ್ನೇ ಇಲಾಖೆ ನೋಡುತ್ತದೆ. ಆ ಪುಸ್ತಕವನ್ನು ಜೋಪಾನ ಮಾಡಿ.

ಇನ್ನು ಊರಿನಲ್ಲಿ ಹುಟ್ಟುವ ಆದಾಯ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕ್, ಎಲ್ಲವೂ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಆದರೂ ಹೊರಗೆ ಹೋದ ಮೇಲೆ ಹಳೆ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಊರಿನ ಆದಾಯ ಇಡುವ ಖಾತೆ) ಮಾಡಿಸಬೇಕು ಅಂತ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಹೊರಗೆ ದುಡಿದ ಹಣ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಉಂಟು, ಬ್ಯಾಂಕು ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿಸಿ 31.2% ಟಿಡಿಎಸ್, ಅಂದರೆ ಹಣ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತದೆ. 60,000 ರೂಪಾಯಿ ಬಡ್ಡಿ ಬಂದರೆ 18,720 ಅಲ್ಲೇ ಕಡಿತ. ನಿಮ್ಮ ಇಲ್ಲಿನ ಒಟ್ಟು ಆದಾಯ 4 ಲಕ್ಷದೊಳಗೆ ಇದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಅಂದರೆ ಆ 18,720 ನಿಮ್ಮದೇ ದುಡ್ಡು. ಆದರೆ ರಿಟರ್ನ್ ಹಾಕಿದರೆ ಮಾತ್ರ ಅದು ವಾಪಸ್ ಬರುತ್ತದೆ. "ನಮಗೆ ಟ್ಯಾಕ್ಸ್ ಇಲ್ಲ, ರಿಟರ್ನ್ ಯಾಕೆ" ಅಂತ ಸುಮ್ನೆ ಕೂತವರು ವರ್ಷ ವರ್ಷ ಅದನ್ನು ಬಿಟ್ಟುಕೊಡುತ್ತಿದ್ದಾರೆ. ಮರುಭೂಮಿಯ ಬಿಸಿಲಲ್ಲಿ ದುಡಿದ ಹಣ ಹೀಗೆ ಹೋಗುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವ ಸುದ್ದಿಯನ್ನೂ ನಂಬಿ ಕೂರಬೇಡಿ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಹೆಂಡತಿಯ ಹೆಸರಲ್ಲಿ ಎಫ್‌ಡಿ ಇಟ್ಟರೆ ತಪ್ಪಿಸಿಕೊಳ್ಳಬಹುದು ಎನ್ನುವವರೂ ಇದ್ದಾರೆ. ನೀವು ಕೊಟ್ಟ ಹಣದ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ಅಪ್ಪ ಅಮ್ಮನಿಗೆ ಕೊಟ್ಟರೆ ಹಾಗಿಲ್ಲ, ಆ ಬಡ್ಡಿ ಅವರದೇ ಆದಾಯ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಆಸ್ತಿ ಮಾರುವಾಗ. ಮಂಗಳೂರಿನ ಬಿಜೈಯಲ್ಲಿ 30 ಲಕ್ಷಕ್ಕೆ ಕೊಂಡ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ಕೊಂಡು ಎರಡು ವರ್ಷ ದಾಟಿದೆ, ಈಗ 40 ಲಕ್ಷಕ್ಕೆ ಮಾರುತ್ತೀರಿ. ಊರಿನಲ್ಲೇ ಇರುವವರು ಮಾರಿದರೆ 50 ಲಕ್ಷದ ಕೆಳಗೆ ಕೊಳ್ಳುವವರು ಟಿಡಿಎಸ್ ಏನೂ ಹಿಡಿಯಬೇಕಿಲ್ಲ. ಮಾರುವವರು ಅನಿವಾಸಿಯಾದರೆ ಈ ಮಿತಿ ಇಲ್ಲ. ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆ 12.5% ಮತ್ತು ಸೆಸ್ ಹಿಡಿಯುತ್ತಾರೆ. 5 ಲಕ್ಷ 20 ಸಾವಿರ. ನಿಮ್ಮ ಲಾಭ 10 ಲಕ್ಷ, ನಿಜವಾದ ತೆರಿಗೆ 1 ಲಕ್ಷ 30 ಸಾವಿರ. ಉಳಿದ 3 ಲಕ್ಷ 90 ಸಾವಿರ ರಿಟರ್ನ್ ಹಾಕಿ ರಿಫಂಡ್ ಬರುವ ತನಕ ಸರಕಾರದ ಹತ್ತಿರ. ಅದೇ ದುಡ್ಡನ್ನು ತಂಗಿಯ ಮದುವೆಗೋ ಸಾಲಕ್ಕೋ ನಂಬಿಕೊಂಡಿದ್ದರೆ?

ಇದಕ್ಕೆ ದಾರಿ ಉಂಟು. ಮಾರಾಟಕ್ಕೆ ಮೊದಲೇ ಇಲಾಖೆಗೆ ಅರ್ಜಿ ಹಾಕಿ, ಕಡಿಮೆ ಟಿಡಿಎಸ್ ಹಿಡಿಯಲು ಸರ್ಟಿಫಿಕೇಟ್ ಪಡೆಯಬಹುದು. ಹಣ ಕೈ ಬದಲಾದ ಮೇಲೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಕೊಳ್ಳುವವರು ಸಿಕ್ಕ ದಿನವೇ, ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ಅರ್ಜಿ ಹಾಕಿ. ನೀವು ಅನಿವಾಸಿ ಅಂತ ಕೊಳ್ಳುವವರಿಗೆ ಮೊದಲೇ ಹೇಳಿ. ಅವರು ಟಿಡಿಎಸ್ ಹಿಡಿಯದಿದ್ದರೆ ಇಲಾಖೆ ಕೇಳುವುದು ಅವರನ್ನು. ಪಾಪ, ಅವರೂ ನಮ್ಮ ಹಾಗೇ ಕೂಡಿಟ್ಟ ಹಣದಲ್ಲಿ ಮನೆ ಕೊಳ್ಳುವವರು, ಅಲ್ವಾ?

ಖಾಯಂ ಊರಿಗೆ ಬರುವವರು ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ, ಎನ್‌ಆರ್‌ಇ ಖಾತೆ ಬದಲಿಸಿಕೊಳ್ಳಿ. ಅಲ್ಲಿಂದ ಮುಂದೆ ಅದರ ಬಡ್ಡಿಗೂ ತೆರಿಗೆ ಉಂಟು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ ಆರಂಭದಲ್ಲಿ ಗಲ್ಫ್ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆ ಅವಧಿ ಮುಗಿದ ಮೇಲೆ ಅಲ್ಲಿನ ಖಾತೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಅದರಲ್ಲಿ ನೂರು ದಿರ್ಹಂ ಉಳಿದಿದ್ದರೂ.