ಬಳಿಸಿದ ಬಣ್ಣವನ್ನು ಮತ್ತೆ ಕೆರೆಯುವ ಕೆಲಸ

ಹಳೆಯ ಕಾರುಗಳ ರಿಪೇರಿ ಕೈಪಿಡಿಗಳಲ್ಲಿ, ಬಿಚ್ಚುವ ವಿಧಾನವನ್ನು ಪುಟಗಟ್ಟಲೆ ವಿವರಿಸಿದ ಮೇಲೆ, ಜೋಡಿಸುವಾಗ ಇದೇ ಕ್ರಮವನ್ನು ತಿರುಗುಮುರುಗಾಗಿ ಅನುಸರಿಸಿ ಎಂಬ ಒಂದು ಸಾಲು ಇರುತ್ತದೆ. ನನ್ನ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಹೊಸ ಬಣ್ಣ ಬಳಿಸಿಕೊಂಡು ಬರಿಯ ತಗಡಿನ ಮೈಯಾಗಿ ಮನೆಗೆ ಬಂದ ದಿನದವರೆಗೆ ನಾನೂ ಆ ಸಾಲನ್ನು ನಂಬಿದ್ದೆ. ಆದರೆ ಮೊದಲ ನಾಲ್ಕು ದಿನ ನಾನು ಏನನ್ನೂ ಜೋಡಿಸಲಿಲ್ಲ; ಬಣ್ಣ ಎಲ್ಲೆಲ್ಲಿ ಇರಬಾರದೋ ಅಲ್ಲೆಲ್ಲ ಹೊಕ್ಕಿದ್ದ ಬಣ್ಣವನ್ನು ತೆಗೆಯುತ್ತಾ ಕೂತಿದ್ದೆ.

ಮುಖ್ಯವಾಗಿ ಬೋಲ್ಟಿನ ರಂಧ್ರಗಳು. ಬೀಟಲ್‌ನ ನಾಲ್ಕೂ ಮಡ್‌ಗಾರ್ಡುಗಳು ಮೈಗೆ ಬೆಸೆದವಲ್ಲ, 8 ಮಿಲಿಮೀಟರ್ ಬೋಲ್ಟುಗಳಿಂದ ಕೂರಿಸಿದವು. ರಂಧ್ರದ ಥ್ರೆಡ್ಡಿನೊಳಗೆ, ಅಂದರೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೀರುಗಳೊಳಗೆ, ಅಡಿಯ ಪ್ರೈಮರು, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಮೂರೂ ಒಣಗಿ ಗಟ್ಟಿಯಾಗಿರುವಾಗ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ, ಒಳಗೆ ಹಿಡಿದು ನಿಲ್ಲಿಸಿರುವ ನಟ್ಟೇ ಕಿತ್ತುಬರಬಹುದು. ಆಗ ಹೊಸ ಬಣ್ಣದ ಪಕ್ಕದಲ್ಲೇ ವೆಲ್ಡಿಂಗ್ ಮಾಡಿಸುವ ಪಾಡು. ಆದ್ದರಿಂದ ಥ್ರೆಡ್ಡು ಕೊರೆಯುವ ಉಪಕರಣವಾದ ಟ್ಯಾಪನ್ನು (ಇಲ್ಲಿ 1.25 ಪಿಚ್ಚಿನದು, ಅಂದರೆ ಗೀರಿನಿಂದ ಗೀರಿಗೆ 1.25 ಮಿಲಿಮೀಟರ್) ಎಣ್ಣೆ ಹಚ್ಚಿ ಒಂದೊಂದೇ ರಂಧ್ರದಲ್ಲಿ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಹೋದೆ. ಬಾಗಿಲುಗಳ ಅಡಿಯಲ್ಲಿ ಮಳೆನೀರು ಹರಿದುಹೋಗುವ ಕಿಂಡಿಗಳೂ ಮುಚ್ಚಿಹೋಗಿದ್ದವು. ಅವನ್ನು ಗಮನಿಸದೆ ಬಿಟ್ಟಿದ್ದರೆ ಒಳಗಿನಿಂದಲೇ ತುಕ್ಕು ಶುರುವಾಗುತ್ತಿತ್ತು.

ಕಾರು ಮನೆಗೆ ಬಂದಾಗ ಬಣ್ಣ ಮುಟ್ಟಲು ಒಣಗಿತ್ತು, ಆದರೆ ಪೂರ್ತಿ ಗಟ್ಟಿಯಾಗಿರಲಿಲ್ಲ. ಅದಕ್ಕೆ ವಾರಗಳೇ ಬೇಕು, ಅಲ್ಲಿಯವರೆಗೆ ಮೇಣದ ಪಾಲಿಶ್ ಹಚ್ಚುವಂತಿಲ್ಲ. ಉಂಗುರ, ಗಡಿಯಾರ, ಬೆಲ್ಟು ಕಳಚಿಟ್ಟು, ಅಂಚುಗಳಿಗೆಲ್ಲ ಟೇಪು ಅಂಟಿಸಿಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದೆ. ಇಷ್ಟಾದರೂ ಎಡಬಾಗಿಲನ್ನು ಕೂರಿಸುವಾಗ ಸ್ಪ್ಯಾನರು ಜಾರಿ ಕೀಲಿನ ಬಳಿ ಬೆರಳುದ್ದದ ಒಂದು ಗೀರು ಬಿತ್ತು. ಬಾಗಿಲು ಮುಚ್ಚಿದರೆ ಕಾಣುವುದಿಲ್ಲ, ನನಗೆ ಮಾತ್ರ ಮುಚ್ಚಿದರೂ ಕಾಣುತ್ತದೆ.

ಅಂಜುತ್ತಲೇ ಮಾಡಿದ್ದು ಮುಂದಿನ ಗಾಜಿನ ಕೆಲಸ. ರಬ್ಬರನ್ನು ಮೊದಲು ಗಾಜಿನ ಸುತ್ತ ಹೊಂದಿಸಿ, ಕಾರಿನ ತಗಡಿನ ಅಂಚು ಕೂರಬೇಕಾದ ಸೀಳಿನೊಳಗೆ ಒಂದು ನಯವಾದ ಹಗ್ಗವನ್ನು ಸುತ್ತಲೂ ತೂರಿಸಿ, ಅದರ ಎರಡು ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಒಂದರ ಮೇಲೊಂದು ಬರುವಂತೆ ಸೀಳಿನಿಂದ ಕಾರಿನ ಒಳಬದಿಗೆ ಇಳಿಬಿಡಬೇಕು. ತಗಡಿನ ಅಂಚಿಗೆ ಸೋಪುನೀರು ಸವರಿ, ತಮ್ಮ ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತಿ ಹಿಡಿದುಕೊಂಡ. ನಾನು ಒಳಗೆ ಕೂತು ಹಗ್ಗವನ್ನು ಮೆಲ್ಲಗೆ ಎಳೆದಂತೆಲ್ಲ, ರಬ್ಬರಿನ ತುಟಿ ಅಂಗುಲ ಅಂಗುಲವಾಗಿ ಮಗುಚಿಕೊಂಡು ತಗಡನ್ನು ಹಿಡಿಯುತ್ತಾ ಬಂತು. ಮೇಲಿನ ಮೂಲೆಯಲ್ಲಿ ಒಮ್ಮೆ ತುಟಿ ಮಗುಚದೆ ಹಗ್ಗ ಮಾತ್ರ ಬಂದುಬಿಟ್ಟಿತು. ಎಲ್ಲವನ್ನೂ ತೆಗೆದು ಮೊದಲಿನಿಂದ ಶುರುಮಾಡಿದೆವು. ಎರಡನೆಯ ಸಲ ಹಗ್ಗದ ಕೊನೆ ಕೈಗೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಡ್‌ಗಾರ್ಡಿಗೂ ಮೈಗೂ ನಡುವೆ ಬೀಡಿಂಗ್ ಎಂಬ ಒಂದು ತೆಳು ಪಟ್ಟಿ ಬರುತ್ತದೆ. ಬೋಲ್ಟುಗಳನ್ನೆಲ್ಲ ಸಡಿಲವಾಗಿ ಹಾಕಿ, ಬೀಡಿಂಗನ್ನು ಸುಕ್ಕಿಲ್ಲದಂತೆ ನೂಕಿ, ಆಮೇಲೆ ನಡುವಿನಿಂದ ಎರಡೂ ಕಡೆಗೆ ಬಿಗಿಮಾಡುತ್ತಾ ಹೋದರೆ ಅದು ನೆಟ್ಟಗೆ ಕೂರುತ್ತದೆ.

ಇಷ್ಟೆಲ್ಲ ಮುಗಿಸಿ, ಬ್ಯಾಟರಿ ಜೋಡಿಸಿ ಬ್ರೇಕ್ ಒತ್ತಿದರೆ, ಹಿಂದೆ ಎಡಗಡೆ ಬ್ರೇಕ್ ದೀಪದ ಜೊತೆಗೆ ಇಂಡಿಕೇಟರೂ ಮಂದವಾಗಿ ಬೆಳಗುತ್ತಿದೆ ಎಂದು ತಮ್ಮ ಕೂಗಿದ. ಬಲ್ಬು, ಫ್ಯೂಸು, ವೈರಿಂಗ್ ಎಲ್ಲವನ್ನೂ ಒಂದು ಸಂಜೆಯಿಡೀ ನೋಡಿದೆ, ಯಾವುದರಲ್ಲೂ ದೋಷವಿರಲಿಲ್ಲ. ಆ ದೀಪಕ್ಕೆ ಪ್ರತ್ಯೇಕ ಅರ್ಥ್ ತಂತಿ ಇಲ್ಲ. ಕರೆಂಟು ಮಡ್‌ಗಾರ್ಡಿನ ತಗಡಿನಿಂದ ಬೋಲ್ಟುಗಳ ಮೂಲಕ ಕಾರಿನ ಮೈಗೆ ಹಿಂದಿರುಗಬೇಕು. ಥ್ರೆಡ್ಡಿನೊಳಗಿನ ಬಣ್ಣವನ್ನು ತೆಗೆದಿದ್ದ ನಾನು, ಬೋಲ್ಟಿನ ತಲೆಯೂ ದೀಪದ ಬುಡವೂ ಕೂರುವ ಜಾಗಗಳನ್ನು ಮರೆತಿದ್ದೆ. ಅಲ್ಲಿನ ಬಣ್ಣ ಆ ದಾರಿಯನ್ನು ತಡೆದದ್ದರಿಂದ ಕರೆಂಟು ಇಂಡಿಕೇಟರಿನ ಬಲ್ಬಿನ ಮೂಲಕ ಹಿಂದಿರುಗುತ್ತಿತ್ತು. ಹೊಳೆಯುವ ಆ ಬಣ್ಣದ ಮೇಲೆ ಮರಳು ಕಾಗದ ಇಡಲು ಕೈ ಹಿಂಜರಿಯಿತು. ಕೊನೆಗೆ ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಒಂದು ಬೋಲ್ಟಿನ ಸುತ್ತ, ದೀಪದ ಅಡಿಯಲ್ಲಿ ಒಂದು ಕಡೆ, ಬಿಳಿ ಲೋಹ ಕಾಣುವವರೆಗೆ ಉಗುರಗಲ ಕೆರೆದು, ಹಲ್ಲಿನ ವಾಷರು ಹಾಕಿ ಬಿಗಿಮಾಡಿ, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ತಮ್ಮನನ್ನು ಮತ್ತೆ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ. ಈ ಸಲ ಕೆಂಪು ದೀಪ ಮಾತ್ರ ಹತ್ತಿತು.